ಕೊಯ್ಯಲೊಲ್ಲದ ಸಾವಕಾರರು

ರಬ್ಬರ್ ಪೈಪು ಮಾರುವವನ ಅಂಗಡಿಯಲ್ಲಿ ಚೂರಿ ಕೈಗೆಟುಕುವ ಹಾಗೆ ಇರಬೇಕು. ಸೊಲ್ಲಾಪುರದ ನಮ್ಮ ಪೈಪ್ ಸಾವಕಾರರ ಅಂಗಡಿಯಲ್ಲಿ ಅದು ಒಳಗಿನ ಕಪಾಟಿನ ಮೇಲ್ಗಡೆ, ಹಳೆಯ ಟಾವೆಲ್ಲಿನಲ್ಲಿ ಸುತ್ತಿಕೊಂಡು ಮಲಗಿರುತ್ತಿತ್ತು. ಗಿರಾಕಿ ಬಂದು ಇಷ್ಟುದ್ದ ಕೊಡಿ ಅಂದರೆ ಸಾವಕಾರರು ಅಳೆಯುತ್ತಿದ್ದರು, ಮತ್ತೆ ಅಳೆಯುತ್ತಿದ್ದರು, ಗಾಡಿ ಎಲ್ಲಿದೆ, ಹಚ್ಚಿಯೇ ನೋಡೋಣ ಎಂದು ಇಡೀ ಸುರುಳಿಯನ್ನು ಹೆಗಲಿಗೆ ಹಾಕಿಕೊಂಡು ರಸ್ತೆಗೆ ಇಳಿಯುತ್ತಿದ್ದರು. ಅಷ್ಟೆಲ್ಲ ಆದ ಮೇಲೂ ಕೊಯ್ಯುವ ಹೊತ್ತಿಗೆ ಚೂರಿಯನ್ನು ಗಿರಾಕಿಯ ಕೈಗೇ ಕೊಟ್ಟು ತಾವು ಅತ್ತ ಮುಖ ಮಾಡುತ್ತಿದ್ದರು. ಅವಸರದ ಮೆಕ್ಯಾನಿಕರು ಬೈದುಕೊಂಡು ಪಕ್ಕದ ಅಂಗಡಿಗೆ ಹೋಗುತ್ತಿದ್ದರು. ಹಳೆಯ ಗಿರಾಕಿಗಳು ಮಾತ್ರ ಬಿಟ್ಟಿರಲಿಲ್ಲ, ಯಾಕೆಂದರೆ ಇವರಲ್ಲಿ ಕೊಂಡ ಮಾಲು ಹಿಡಿಸದಿದ್ದರೆ ತುಟಿ ಪಿಟಕ್ಕೆನ್ನದೆ ವಾಪಸು ತೆಗೆದುಕೊಳ್ಳುತ್ತಿದ್ದರು.

ಹೋದ ಚಳಿಗಾಲದಲ್ಲಿ ಅವರು ತೀರಿಕೊಂಡರು. ಬಜಾರಿನಲ್ಲಿ ಈಗಲೂ ಅವರ ಮಾತು ಬಂದರೆ ಜನ ಹಟದಿಂದ ಸತ್ತ ಮನುಷ್ಯ ಅನ್ನುತ್ತಾರೆ. ಹಟ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ಹಾಗೆ ಒಂದೇ ಮಾತಿನಲ್ಲಿ ಅವರನ್ನು ಮುಗಿಸಿಬಿಟ್ಟರೆ ನನಗೆ ಸಿಟ್ಟು ಬರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ವಕೀಲ. ಮನೆ ಸೊಲ್ಲಾಪುರದಲ್ಲಿ, ಕೋರ್ಟು ಅಕ್ಕಲಕೋಟದಲ್ಲಿ. ಕೋರ್ಟಿನ ಕಾಗದವೆಲ್ಲ ಮರಾಠಿ, ಕಕ್ಷಿದಾರರ ಜಗಳವೆಲ್ಲ ಕನ್ನಡ. ಸಾವಕಾರರು ಮೊದಲು ನನ್ನ ಹತ್ತಿರ ಬಂದದ್ದು ವಾಟಣಿ, ಅಂದರೆ ಹೊಲದ ಪಾಲಿನ ಸಲುವಾಗಿ. ಅವರ ಹುಟ್ಟೂರು ಕರಜಗಿಯಲ್ಲಿ ಅಣ್ಣ ಒಕ್ಕಲುತನ ಮಾಡಿಕೊಂಡಿದ್ದರು, ಹೊಲ ಇಬ್ಬರ ಹೆಸರಿನಲ್ಲಿ ಕೂಡಿಯೇ ಇತ್ತು. ಬೀಗರೊಬ್ಬರು ಇಬ್ಬರ ಕಿವಿಯನ್ನೂ ಊದಿ, ಇರುವಾಗಲೇ ಪಾಲು ಮಾಡಿಕೊಳ್ಳಿರಿ ಎಂದು ಕಳಿಸಿದ್ದರು. ಅಣ್ಣತಮ್ಮಂದಿರು ನನ್ನ ಮುಂದೆ ಕೂತು, ಒಬ್ಬರ ಮುಖ ಒಬ್ಬರು ನೋಡದೆ, ನಾನು ಓದಿದ್ದಕ್ಕೆಲ್ಲ ಹೂಂ ಅಂದರು. ಓದಿ ಮುಗಿದ ಮೇಲೆ ಸಾವಕಾರರು ಬಾಯಿ ಬಿಟ್ಟರು.

"ವಕೀಲ್ರ, ಇದರಾಗ ಇನ್ನೊಂದು ಕಲಮು ಹಾಕಾಕ ಬರ್ತೈತೇನ್ರಿ? ನಾಳಿ ಮನಸ್ಸ ಬಂತಂದ್ರ ಮತ್ತ ಕೂಡೂದು ಅಂತ?"

ನನಗೆ ನಗು ಬಂತು. ಕಾಯ್ದೆಯಲ್ಲಿ ಅದಕ್ಕೂ ಹಾದಿ ಇದೆ, ಬೇರೆಯಾದ ಅಣ್ಣತಮ್ಮಂದಿರು ತಿರುಗಿ ಒಂದಾಗಬಹುದು, ಆದರೆ ಹಾಗೆ ಒಂದಾದವರನ್ನು ನನ್ನ ವಕೀಲಿಯಲ್ಲಿ ನಾನು ಕಂಡಿಲ್ಲ ಎಂದೆ. ಸಾವಕಾರರು ಸ್ವಲ್ಪ ಹೊತ್ತು ಅಣ್ಣನ ಕೈಗಳನ್ನೇ ನೋಡುತ್ತ ಕೂತರು. ಹಾಗಿದ್ದರೆ ಬೇಡ ಅಂದರು. ಅಣ್ಣ ತಮಗೂ ಬೇಡವಾಗಿತ್ತು ಅಂದರು. ಇಬ್ಬರೂ ಕೆಳಗಿಳಿದು ಹೋಟೆಲಿನ ಮುಂದೆ ಒಂದೇ ಬಶಿಯಲ್ಲಿ ಚಹಾ ಹಂಚಿಕೊಂಡು ಕುಡಿಯುವುದನ್ನು ಕಿಟಕಿಯಿಂದ ನೋಡಿದೆ. ಕಕ್ಷಿದಾರ ಕೈಬಿಟ್ಟುಹೋದ ವಕೀಲನಿಗೆ ಬರಬೇಕಾದ ಸಿಟ್ಟು ಅವತ್ತು ನನಗೆ ಬರಲಿಲ್ಲ.

ಅಲ್ಲಿಂದ ಸಲಿಗೆ ಬೆಳೆಯಿತು. ಮನೆಗೆ ಹೋಗಿ ಬರುವಷ್ಟಾಯಿತು. ಅವರ ಮನೆಯಲ್ಲಿ ಗೋಡೆಗೆ ಒಂದು ಮೊಳೆ ಇರಲಿಲ್ಲ. ದೇವರ ಪಟ, ಕ್ಯಾಲೆಂಡರು, ತೀರಿಹೋದ ತಂದೆಯ ಫೋಟೋ, ಎಲ್ಲವೂ ಕಿಟಕಿಯ ಸರಳಿಗೆ ಕಟ್ಟಿದ ದಾರದಿಂದ ಇಳಿಬಿದ್ದಿದ್ದವು. ಗಾಳಿ ಬೀಸಿದರೆ ತಂದೆಯವರು ಗೋಡೆಯ ಕಡೆ ತಿರುಗಿ ನಿಲ್ಲುತ್ತಿದ್ದರು. ಮೊಳೆ ಹೊಡೆದ ತೂತು ಮುಚ್ಚಿದರೂ ಕಲೆ ಉಳಿಯುತ್ತದೆ ಎನ್ನುವುದು ಸಾವಕಾರರ ಲೆಕ್ಕ. ಸ್ವಂತ ಮನೆಯಲ್ಲಿ ಬಾಡಿಗೆಯವರ ಹಾಗೆ ಬದುಕುತ್ತಿದ್ದೇವೆ ಎಂದು ವೈನಿ, ಅಂದರೆ ಅವರ ಹೆಂಡತಿ, ಚಹಾದ ಜೊತೆಗೆ ಪ್ರತಿಸಲವೂ ಈ ದೂರನ್ನೂ ತಂದಿಡುತ್ತಿದ್ದರು. "ಮಾತು ಆಡಿದ್ರ ಹೋತು, ಮುತ್ತು ಒಡದ್ರ ಹೋತು," ಎಂದು ಸಾವಕಾರರು ಗಾದೆ ಎತ್ತುತ್ತಿದ್ದರು. ಅದಕ್ಕೆ ತಮ್ಮದೊಂದು ಬಾಲವನ್ನೂ ಸೇರಿಸಿದ್ದರು: "ಪೈಪ್ ಕೊಯ್ದ್ರ ಹೋತು."

ಆ ಹೊತ್ತಿಗೆ ನಾನೊಂದು ಹಳೆಯ ಡೀಸೆಲ್ ಕಾರು ಕೊಂಡೆ, ಟರ್ಬೋ ಇದ್ದದ್ದು. ಟರ್ಬೋ ಅಂದರೆ ಎಂಜಿನ್ನಿನೊಳಗೆ ಗಾಳಿಯನ್ನು ಒತ್ತಿ ತುಂಬುವ ಒಂದು ಪುಟ್ಟ ಚಕ್ರ. ನನಗೆ ಗೊತ್ತಿದ್ದದ್ದು ಅಷ್ಟೇ, ಉಳಿದದ್ದನ್ನು ಸಾವಕಾರರು ಬಾನೆಟ್ ಎತ್ತಿ ಕಲಿಸಿದರು. ಎಂಜಿನ್ನಿನ ಹೊಟ್ಟೆಯಲ್ಲಿ ಏಳುವ ಹೊಗೆಯನ್ನು ಬಯಲಿಗೆ ಬಿಡಬಾರದೆಂದು ಕಾಯ್ದೆ ಇದೆ. ಆದ್ದರಿಂದ ಕಂಪನಿಯವರು ಒಂದು ರಬ್ಬರ್ ಪೈಪು ಹಾಕಿ ಆ ಹೊಗೆಯನ್ನು ಟರ್ಬೋದ ಬಾಯಿಗೇ ತಿರುಗಿಸಿರುತ್ತಾರೆ. ಊರಿನ ಗಾಳಿ ಉಳಿಯುತ್ತದೆ, ಆದರೆ ಹೊಗೆಯ ಸಂಗಡ ಎಣ್ಣೆಯ ಹನಿಯೂ ಹೋಗಿ ಒಳಗೆಲ್ಲ ಜಿಡ್ಡು ಕಟ್ಟುತ್ತದೆ. ನನ್ನ ಗಾಡಿಯಲ್ಲಿ ಆಗಿದ್ದದ್ದು ಅದೇ.

ಇದಕ್ಕೆ ಬಜಾರಿನ ಮದ್ದು ಸರಳ. ಆ ಪೈಪನ್ನು ಕೊಯ್ದು ತುದಿಯನ್ನು ನೆಲದ ಕಡೆ ಬಿಟ್ಟುಬಿಡುವುದು, ಟರ್ಬೋದ ಬಾಯಿಗೆ ಒಂದು ಬೂಚು ಜಡಿಯುವುದು. ಸಾವಕಾರರಿಗೆ ಅದನ್ನು ಕೇಳಿದರೇ ಮೈಮೇಲೆ ಬರುತ್ತಿತ್ತು. ಹಿಂದಿನಿಂದ ಬರುವ ಸೈಕಲ್ಲಿನವನು ನಮ್ಮ ಹೊಗೆ ಯಾಕೆ ಕುಡಿಯಬೇಕು ಎನ್ನುವುದು ಒಂದು, ಕಂಪನಿಯ ಪೈಪಿಗೆ ಚೂರಿ ಹಾಕುವುದು ಇನ್ನೊಂದು. ಅವರು ಬೇರೆ ದಾರಿ ಹುಡುಕಿದರು. ಎಂಜಿನ್ನಿನಿಂದ ಹೊರಟ ಹೊಗೆ ಮೊದಲು ಒಂದು ತಗಡಿನ ಡಬ್ಬಿಗೆ ಹೋಗಿ, ಎಣ್ಣೆಯನ್ನು ಅಲ್ಲಿ ಬಿಟ್ಟು, ಮೇಲಿನ ಬಾಯಿಂದ ಮತ್ತೆ ಟರ್ಬೋಕ್ಕೆ ಹೋಗಬೇಕು. ಎಲ್ಲಿಯೂ ತೂತು ಕೊರೆಯಬಾರದು, ಏನನ್ನೂ ಕೊಯ್ಯಬಾರದು.

ಒಂದು ಭಾನುವಾರ ಅಂಗಡಿಯ ಮುಂದೆಯೇ ಕೆಲಸ ನಡೆಯಿತು. ಹಣೆಯ ಮೇಲೆ ವಿಭೂತಿ, ಮೈಮೇಲೆ ಬಿಳಿ ಅಂಗಿ, ಆ ಅಂಗಿಗೆ ಒಂದು ಹನಿ ಎಣ್ಣೆ ಸಿಡಿಯದ ಹಾಗೆ ಕೆಲಸ ಮಾಡುವುದು ಅವರ ಡೌಲು. ಬಿಚ್ಚಿದ ಪ್ರತಿ ಪೈಪಿಗೂ, ಅದು ಕೂತಿದ್ದ ಮೂತಿಗೂ ಒಂದೇ ಬಣ್ಣದ ಚಿಂಧಿ ಕಟ್ಟಿದರು. ಟಾವೆಲ್ ಮಗ್ಗಗಳಲ್ಲಿ ಅಂಚು ಕತ್ತರಿಸಿದಾಗ ಬೀಳುವ ಬಟ್ಟೆಯ ಪಟ್ಟಿಗೆ ನಮ್ಮಲ್ಲಿ ಚಿಂಧಿ ಅನ್ನುತ್ತಾರೆ. ಕೆಂಪು ಕೆಂಪಿಗೆ, ಹಳದಿ ಹಳದಿಗೆ. ಅಕ್ಷರ ಬಾರದವನೂ ತಿರುಗಿ ಹಚ್ಚಬೇಕು ಅಂದರು. ಬಿಚ್ಚಿದ ಮಾಲನ್ನೆಲ್ಲ ಚೀಲಕ್ಕೆ ತುಂಬಿ ನನ್ನ ಡಿಕ್ಕಿಯಲ್ಲಿಟ್ಟರು.

ಹೊಗೆ ತಪಾಸಣೆಗೆ ಹೋಗುವ ದಿನ ಹಳೆಯದನ್ನು ಹಾಕಿಕೊಂಡು ಹೋಗಿ, ಬಂದ ಮೇಲೆ ಮತ್ತೆ ಇದನ್ನು ಹಾಕಿಕೊಂಡರಾಯಿತು, ಭಲೇ ಅನುಕೂಲ ಎಂದು ನಾನು ಚೇಷ್ಟೆ ಮಾಡಿದೆ. ಸಾವಕಾರರ ಮುಖ ಕಪ್ಪಿಟ್ಟಿತು.

"ತಿರುಗಿ ಹಚ್ಚಾಕ ಬರೂದು ಕಳ್ಳತನಕ್ಕಲ್ರಿ ವಕೀಲ್ರ. ನಾವು ಮಾಡಿದ್ದು ತಪ್ಪಿತ್ತಂದ್ರ ತಿದ್ದಾಕ."

ಮನುಷ್ಯನಿಗೆ ತನ್ನ ಬುದ್ಧಿಯ ಮೇಲೆ ಅಷ್ಟು ಕಡಿಮೆ ನಂಬಿಕೆ ಇರುವುದು ನಾನು ನೋಡಿದ್ದು ಅವರಲ್ಲೇ. ಕೋರ್ಟಿನಲ್ಲಿ ನನ್ನ ಸುತ್ತ ಇರುವವರೆಲ್ಲ, ನನ್ನನ್ನೂ ಸೇರಿಸಿ, ತಮ್ಮ ಮೂಗಿನ ನೇರಕ್ಕೆ ಮಾತಾಡುವವರು.

ಆದರೆ ಆ ಕೆಲಸದಲ್ಲಿ ಒಂದು ತಪ್ಪಿತ್ತು, ಅವರ ಗುಣದಿಂದಲೇ ಆದದ್ದು. ಎಂಜಿನ್ನಿನಿಂದ ಡಬ್ಬಿಯ ತನಕ ಹಾಕಿದ ಹೊಸ ಪೈಪು ಬೇಕಾದದ್ದಕ್ಕಿಂತ ಉದ್ದ ಇತ್ತು. ಉದ್ದವಾಯಿತಲ್ಲ ಎಂದರೆ, ಇವತ್ತು ಕೊಯ್ದರೆ ನಾಳೆ ಉದ್ದ ಮಾಡಲಿಕ್ಕೆ ಬರುವುದಿಲ್ಲ ಎಂದು ಅದನ್ನು ಬ್ಯಾಟರಿಯ ಪಕ್ಕದಲ್ಲಿ ಜೋಲಿಯ ಹಾಗೆ ಇಳಿಬಿಟ್ಟು ಕಟ್ಟಿದರು. ಚಳಿಗಾಲ ಬಂತು. ಮುಂಜಾನೆಯ ತಂಪಿಗೆ ಒಳಗಿನ ಹಬೆ ನೀರಾಗಿ, ಎಣ್ಣೆಯ ಜೊತೆ ಬೆರೆತು ಆ ಜೋಲಿಯಲ್ಲಿ ನಿಂತಿತು. ಎಂಜಿನ್ನಿಗೆ ಉಸಿರು ಕಟ್ಟಿತು. ವಳಸಂಗ ದಾಟಿ ಅಕ್ಕಲಕೋಟದ ಕಡೆ ಹೋಗುತ್ತಿರುವಾಗ ಒಳಗಿನ ಎಣ್ಣೆ ಟರ್ಬೋದ ಮೂಲಕ ನುಗ್ಗಿ, ಹಿಂದೆ ರಸ್ತೆಯೇ ಕಾಣದಷ್ಟು ಬಿಳಿ ಹೊಗೆ. ಬೈಕಿನವರು ಮುಖ ಮುಚ್ಚಿಕೊಂಡು ಬೈಯುತ್ತ ದಾಟಿದರು. ಗಾಡಿ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸಿದೆ, ಸಾವಕಾರರಿಗೂ ಫೋನ್ ಮಾಡಿದೆ. ಅವನು ಆ ಜೋಲಿಯನ್ನು ಕಚಕ್ಕನೆ ಕೊಯ್ದ. ಕಂದು ಬಣ್ಣದ ಗಂಜಿ ಸುರಿಯಿತು. ಒಂದು ಗೇಣು ಕಡಿಮೆ ಇದ್ದಿದ್ದರೆ ಟರ್ಬೋ ಉಳಿಯುತ್ತಿತ್ತು ಎಂದ.

ಸಾವಕಾರರು ಎಸ್‌ಟಿ ಬಸ್ಸಿನಲ್ಲಿ ಬಂದಿಳಿದರು. ರಸ್ತೆಯ ಮೇಲೆ ಬಿದ್ದಿದ್ದ ಎರಡು ತುಂಡುಗಳನ್ನು ನೋಡುತ್ತ ನಿಂತರು. ತಪ್ಪು ಪೈಪಿನದಲ್ಲ ಎಂದಷ್ಟೇ ಹೇಳಿ, ಡಿಕ್ಕಿಯಿಂದ ಚೀಲ ತೆಗೆದು, ಕೆಂಪು ಕೆಂಪಿಗೆ, ಹಳದಿ ಹಳದಿಗೆ, ಕಂಪನಿಯ ಪೈಪುಗಳನ್ನು ಅಲ್ಲಿಯೇ ಕೂಡ್ರಿಸಿದರು. ಬೇರೆ ಟರ್ಬೋ ಹಾಕಿದ ಮೇಲೆ ಗಾಡಿ ಇವತ್ತಿನವರೆಗೂ ಸರಿಯಾಗಿದೆ. ಅವರ ಪದ್ಧತಿಯ ಕೆಡುಕೂ ಗುಣವೂ ಒಂದೇ ದಿನ ಒಂದೇ ರಸ್ತೆಯ ಮೇಲೆ ನನಗೆ ಕಂಡಿತು. ನಾನು ಸುಮ್ಮನಿರುವ ಪೈಕಿಯಲ್ಲ, ಮುಂದೆ ಹೋದಲ್ಲಿ ಬಂದಲ್ಲಿ ಆ ಗೇಣು ಪೈಪಿನ ಸುದ್ದಿ ತೆಗೆದು ಕಾಡುತ್ತಿದ್ದೆ. ಕಾಡಿದ ದಿನ ಸಾವಕಾರರು ಚಹಾ ತರಿಸುತ್ತಿರಲಿಲ್ಲ.

ಅವರಿಗೆ ಸಕ್ಕರೆ ಕಾಯಿಲೆ ಇತ್ತು. ಅಂಗಾಲಿನಲ್ಲಿ ಸ್ಪರ್ಶ ಹೋಗಿದೆ, ಬರಿಗಾಲಿನಲ್ಲಿ ಓಡಾಡಬೇಡಿ ಎಂದು ಡಾಕ್ಟರು ಹೇಳಿದ್ದರಿಂದ ಬೂಟು ಹಾಕಲು ಸುರು ಮಾಡಿದ್ದರು. ಒಂದು ದಿನ ಅಂಗಡಿಯಲ್ಲಿ ಪೈಪಿಗೆ ಬಿಗಿಯುವ ಉಕ್ಕಿನ ಕ್ಲಿಪ್ಪೊಂದು ಬಲಗಾಲಿನ ಬೂಟಿನೊಳಗೆ ಬಿದ್ದಿತು. ಗೊತ್ತಾಗಲಿಲ್ಲ. ಅದನ್ನು ತುಳಿಯುತ್ತಲೇ ದಿನವೆಲ್ಲ ವ್ಯಾಪಾರ ಮಾಡಿದರು, ನಡೆದುಕೊಂಡು ಮನೆಗೆ ಬಂದರು. ಸಂಜೆ ಬೂಟು ಬಿಚ್ಚಿದಾಗ ನೆಲದ ಮೇಲಿನ ರಕ್ತ ನೋಡಿದವರು ವೈನಿ. ನನ್ನ ಮಾಲು ನನ್ನನ್ನು ಬಿಡಲೊಲ್ಲದು ಎಂದು ಸಾವಕಾರರು ನಕ್ಕರಂತೆ.

ಗಾಯ ಮಾಯಲಿಲ್ಲ. ಹೆಬ್ಬೆರಳು ಕಪ್ಪಾಯಿತು. ದವಾಖಾನೆಯಲ್ಲಿ ಸರ್ಜನರು ಒಂದು ಬೆರಳು ತೆಗೆದುಬಿಡೋಣ, ಕಾಲು ಉಳಿಯುತ್ತದೆ ಅಂದರು. ಸಾವಕಾರರು ಕೇಳಿದ ಪ್ರಶ್ನೆ ನಿಮಗೂ ಗೊತ್ತಿರಬಹುದು: ಆಮೇಲೆ ತಿರುಗಿ ಹಚ್ಚಲಿಕ್ಕೆ ಬರುತ್ತದೆಯೇ? ಬರುವುದಿಲ್ಲ ಅಂದರು. ಉಗುರಿನಲ್ಲಿ ಹೋಗುವುದಕ್ಕೆ ಕೊಡಲಿ ಯಾಕೆ ಎಂದು ಗಾದೆ ಹೇಳಿ ಎದ್ದು ಬಂದರು. ಮಂಗಳವೇಢೆ ಕಡೆಯ ಎಲೆಮದ್ದು, ಬೇವಿನ ನೀರು, ಯಾರೋ ಕೊಟ್ಟ ಮುಲಾಮು, ಎಲ್ಲ ಆದವು. ಇವು ಯಾವುವೂ ಮೈಯಿಂದ ಏನನ್ನೂ ಕಳೆಯುವುದಿಲ್ಲವಲ್ಲ, ಬೇಡವಾದರೆ ಬಿಟ್ಟರಾಯಿತು ಎನ್ನುವುದೇ ಅವುಗಳ ದೊಡ್ಡ ಗುಣ. ಕಪ್ಪು ಮಾತ್ರ ಬೆರಳಿಂದ ಬೆರಳಿಗೆ ನಡೆಯಿತು, ಪಾದಕ್ಕೆ ಬಂತು. ಅಂಗಡಿಯಲ್ಲಿ ರಬ್ಬರಿನ ವಾಸನೆಯ ಕೆಳಗೆ ಇನ್ನೊಂದು ವಾಸನೆ ಹುಟ್ಟಿತು. ಸಾವಕಾರರು ಊದಿನಕಡ್ಡಿ ಹಚ್ಚತೊಡಗಿದರು. ಗಿರಾಕಿಗಳು ಹೊರಗೇ ನಿಂತು ಮಾತಾಡಿ ಹೋಗುತ್ತಿದ್ದರು.

ಒಂದು ಮಧ್ಯಾಹ್ನ ವೈನಿ ಒಬ್ಬರೇ ನನ್ನ ಮನೆಗೆ ಬಂದರು. ಹಾಗೆ ಬಂದವರಲ್ಲ. ಬಾಗಿಲಲ್ಲೇ ನಿಂತು ಹೇಳಿದರು.

"ಕೋರ್ಟಿನ್ಯಾಗ ಮಂದೀನ ಒಪ್ಪಸ್ತೀರಿ. ಇವರನ್ನೂ ಒಪ್ಪಸ್ರಿ. ನನಗ ಕಾಲು ಬ್ಯಾಡ್ರಿ, ಮನಷ್ಯಾ ಬೇಕು."

ಅವರ ಜೊತೆಗೇ ಹೋದೆ. ಸಾವಕಾರರು ಹೊರಸಿನ ಮೇಲೆ, ಕಾಲನ್ನು ಕಿಟಕಿಯ ಕಡೆ ಚಾಚಿ ಮಲಗಿದ್ದರು. ಮೈ ಸುಡುತ್ತಿತ್ತು. ನಾನು ಉಪದೇಶ ಮಾಡಲಿಲ್ಲ. ಡಾಕ್ಟರು ಹೇಳಿದ್ದನ್ನು ಮತ್ತೆ ಹೇಳಲಿಲ್ಲ. ಅವರನ್ನು ಕಾಡಲಿಕ್ಕೆಂದು ಇಟ್ಟುಕೊಂಡಿದ್ದ ಮಾತನ್ನೇ ತೆಗೆದೆ.

"ಸಾವಕಾರ್ರ, ಒಂದು ಗೇಣು ಪೈಪು ಕೊಯ್ಯಲಿಲ್ಲ ನೀವು. ಟರ್ಬೋ ಹೋತು."

ಬೇರೆ ಟರ್ಬೋ ಸಿಕ್ಕಿತಲ್ಲ ಅಂದರು. ಬೇರೆ ಸಾವಕಾರರು ಎಲ್ಲಿ ಸಿಗುತ್ತಾರೆ ಎಂದೆ. ಅವರ ಕಣ್ಣಲ್ಲಿ ನೀರು ಬಂತು, ನನಗೂ ಬಂತು. ಕೊಯ್ದದ್ದನ್ನು ಎಲ್ಲಿ ಹಾಕುತ್ತಾರೆ ಎಂದು ಕೇಳಿದರು. ದವಾಖಾನೆಯ ಕಸದ ಜೊತೆ ಸುಡುತ್ತಾರೆ ಎಂದು ಸುಳ್ಳಿಲ್ಲದೆ ಹೇಳಿದೆ.

"ಸುಡೂದು ಬ್ಯಾಡ್ರಿ. ನನ್ನ ಕಾಲು ನನಗ ಕೊಡಸ್ರಿ. ಕರಜಗ್ಯಾಗ ನಮ್ಮಪ್ಪನ ಬಾಜೂಕ ಇಡ್ರಿ. ನಾ ಹೋದಾಗ ಅದನ್ನ ಹಚ್ಚಿ ಕೂಡಸ್ರಿ. ಇಷ್ಟಕ್ಕ ಹೂಂ ಅಂತೀರಂದ್ರ ಕೊಯ್ಲಿ."

ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಪದ್ಮಾಸನ ಹಾಕಿಸಿ, ಕೂತ ಭಂಗಿಯಲ್ಲೇ ಮಣ್ಣು ಕೊಡುತ್ತೇವೆ. ಒಂಟಿ ಕಾಲಿನವನಿಗೆ ಪದ್ಮಾಸನ ಎಲ್ಲಿಯದು? ಇಷ್ಟು ದಿನ ಅವರನ್ನು ತಡೆದದ್ದು ನೋವಿನ ಅಂಜಿಕೆಯಲ್ಲ, ಕುಂಟನಾಗುವ ನಾಚಿಕೆಯಲ್ಲ ಎಂದು ನನಗೆ ಆಗ ತಿಳಿಯಿತು. ಹೂಂ ಎಂದೆ. ಅವರ ಮುಂದೆ ನಾನು ಗೆದ್ದ ವಾದ ಅದೊಂದೇ, ಅದನ್ನೂ ತಡವಾಗಿ ಗೆದ್ದೆ.

ಸರ್ಜನರು ಸಿಡುಕಿನ ಮನುಷ್ಯ, ಕಾಲನ್ನು ನೋಡಿದ ಮೇಲೆ ಮಾತ್ರ ದನಿ ಇಳಿಸಿದರು. "ಬೋಟ ಗೇಲಂ, ಪಾಯ ಗೇಲಾ, ಆತಾ ಮಾಣೂಸ ವಾಚವೂ ಯಾ," ಎಂದು ಮರಾಠಿಯಲ್ಲಿ ಅಂದರು. ಬೆರಳು ಹೋಯಿತು, ಪಾದ ಹೋಯಿತು, ಇನ್ನು ಮನುಷ್ಯನನ್ನಾದರೂ ಉಳಿಸೋಣ. ಬಲಗಾಲನ್ನು ಮೊಣಕಾಲಿನ ಕೆಳಗೆ ತೆಗೆದರು.

ಅದನ್ನು ಬಿಡಿಸಿಕೊಳ್ಳಲು ನಾನೇ ಅರ್ಜಿ ಬರೆದೆ. ವಕೀಲಿಯಲ್ಲಿ ಮನೆ, ಹೊಲ, ಎಮ್ಮೆ, ಮಕ್ಕಳು, ಎಲ್ಲದರ ತಾಬೆ ಕೇಳಿ ಬರೆದಿದ್ದೇನೆ, ಕಾಲು ಕೇಳಿ ಬರೆದದ್ದು ಅದೊಂದೇ. ಬಿಳಿ ಬಟ್ಟೆಯಲ್ಲಿ ಸುತ್ತಿ ಕೊಟ್ಟರು. ಕರಜಗಿಯ ಅಣ್ಣ ಅದನ್ನು ಡಿಕ್ಕಿಯಲ್ಲಿ ಇಡಗೊಡಲಿಲ್ಲ. ಹಿಂದಿನ ಸೀಟಿನಲ್ಲಿ ಕೂತು ತೊಡೆಯ ಮೇಲೆ ಅಡ್ಡಲಾಗಿ ಇಟ್ಟುಕೊಂಡರು. ಬೇಸಿಗೆಯ ಧಗೆಗೆ ಕಿಟಕಿ ಇಳಿಸಿದ್ದೆವು. ಹಾದಿಯಲ್ಲಿ ಪೊಲೀಸರ ತಪಾಸಣೆ ಇತ್ತು. ಪೇದೆ ಒಳಗೆ ಬಗ್ಗಿ, ಗಂಟಿನಲ್ಲಿ ಏನು ಎಂದು ಮರಾಠಿಯಲ್ಲಿ ಕೇಳಿದ. ನಾನು ಕಾಗದ ತೆಗೆಯುವುದರೊಳಗೆ ಅಣ್ಣ ಕನ್ನಡದಲ್ಲೇ, "ನನ್ನ ತಮ್ಮ," ಎಂದುಬಿಟ್ಟರು. ಕಾಗದ ಓದಿದ ಪೇದೆ ಹಿಂದೆ ಸರಿದು ಹಾದಿ ಬಿಟ್ಟ.

ಅಯ್ಯನವರನ್ನು ಕರೆದಿದ್ದೆವು. ಬಂದು ನಿಂತರು, ಆದರೆ ಮಂತ್ರಕ್ಕೆ ಒಪ್ಪಲಿಲ್ಲ. ಮನುಷ್ಯ ಇನ್ನೂ ಬದುಕಿದ್ದಾನೆ, ಅವನ ಕಾಲಿಗೆ ಏನಂತ ಹೇಳಲಿ ಎಂದು ಕೇಳಿದರು. ಕೇಳಿದ್ದು ನ್ಯಾಯವೇ ಆಗಿತ್ತು. ಬಿರುಕು ಬಿಟ್ಟ ಎರೆಭೂಮಿಯಲ್ಲಿ, ತಂದೆಯ ಗದ್ದುಗೆಯ ಪಕ್ಕ, ಅಣ್ಣ ತಾವೇ ಗುದ್ದಲಿ ಹಿಡಿದು ತೋಡಿದರು. ಒಂದು ಚಪ್ಪಟೆ ಕಲ್ಲು ಮುಚ್ಚಿ ಹಿಂದಿರುಗಿದೆವು.

ಸಾವಕಾರರು ಉಳಿದರು, ಆದರೆ ಹಳೆಯ ಸಾವಕಾರರಾಗಿ ಉಳಿಯಲಿಲ್ಲ. ಕಂಕುಳಲ್ಲಿ ಬಡಿಗೆ ಇಟ್ಟುಕೊಂಡು ಅಂಗಡಿಗೆ ಬಂದರು. ಚೂರಿ ಈಗ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೇ ಇರುತ್ತಿತ್ತು. ಗಿರಾಕಿ ಅಳತೆ ಹೇಳುವುದೇ ತಡ, ತಾವೇ ಕೊಯ್ದು ಎದುರಿಗೆ ಒಗೆಯುತ್ತಿದ್ದರು. ಎರಡನೇ ಸಲ ಅಳೆಯುತ್ತಿರಲಿಲ್ಲ. ಇದೇನು ಎಂದು ಕೇಳಿದ್ದಕ್ಕೆ, ಅಂಜಿಕೆ ಹೋಯಿತು ಎಂದರು. ವ್ಯಾಪಾರ ಮೊದಲಿಗಿಂತ ಚುರುಕಾಗಿ ನಡೆಯಿತು. ನನಗೆ ಅದನ್ನು ನೋಡಲಾಗುತ್ತಿರಲಿಲ್ಲ, ಆ ಅಂಗಡಿಯ ಮುಂದೆ ಹಾಯುವುದನ್ನು ಕಡಿಮೆ ಮಾಡಿದೆ.

ಇಲ್ಲದ ಬೆರಳುಗಳು ನೋಯುತ್ತಿದ್ದವು. ಕಾಲು ಕಳೆದುಕೊಂಡವರಿಗೆ ಹೀಗಾಗುತ್ತದೆ, ನರಗಳ ಆಟ ಎಂದು ಡಾಕ್ಟರು ತಿಳಿಸಿ ಹೇಳಿದ್ದರು. ಸಾವಕಾರರಿಗೆ ಬೇರೆಯೇ ಅನುಮಾನ. ಆ ಬೆರಳಿಗೆ ಏನೋ ಕಚ್ಚಿದಂತಾದರೆ ಕರಜಗಿಗೆ ಫೋನ್ ಮಾಡುತ್ತಿದ್ದರು, ಅಲ್ಲಿ ಇರುವೆ ಹತ್ತಿವೆಯೇನೋ ನೋಡು ಎಂದು. ಅಣ್ಣ ಹೊಲದಲ್ಲಿ ಏನು ಕೆಲಸವಿದ್ದರೂ ಬಿಟ್ಟು ಹೋಗಿ, ಕಲ್ಲಿನ ಸುತ್ತ ನೋಡಿ, ಅರಿಶಿಣ ಚೆಲ್ಲಿ, ಈಗ ಇಲ್ಲ ಎಂದು ತಿಳಿಸುತ್ತಿದ್ದರು. ಮಳೆಗಾಲದಲ್ಲಿ ಒಂದು ಸಲ, ಬೆರಳು ಮಡಚಿಕೊಂಡಿವೆ, ತೆಗೆದು ನೆಟ್ಟಗೆ ಮಾಡು ಎಂದು ಸಾವಕಾರರು ಹಟ ಹಿಡಿದರಂತೆ. ತೆಗೆದೆ, ನೆಟ್ಟಗೆ ಮಾಡಿದೆ ಎಂದು ಅಣ್ಣ ಫೋನಿನಲ್ಲಿ ಹೇಳಿದರು. ಆ ವಾರ ಸಾವಕಾರರು ನಿದ್ದೆ ಮಾಡಿದರು. ನಿಜವಾಗಿಯೂ ತೆಗೆದಿರಾ ಎಂದು ನಾನು ಆಮೇಲೆ ಅಣ್ಣನನ್ನು ಕೇಳಿದೆ. "ಕಲ್ಲಿಗಿ ಕೈ ಹಚ್ಚಾಕ ಆಗಲಿಲ್ರಿ. ಮಳ್ಯಾಗ ಬಾಜೂಕ ಕುಂತು ಬಂದ್ಯಾ," ಎಂದರು.

ಮೂತ್ರಪಿಂಡಗಳು ಕೈಕೊಟ್ಟವು. ಮತ್ತೆ ದವಾಖಾನೆ ಸೇರಿದವರು ಹೊರಗೆ ಬರಲಿಲ್ಲ. ಚಳಿ ಹೊಕ್ಕಿತ್ತು, ಕರಜಗಿಯ ಹೊಲದಲ್ಲಿ ಜೋಳ ಎದೆಯುದ್ದ ನಿಂತಿತ್ತು. ಜೋಳದ ನಡುವೆ ಹಾದಿ ಮಾಡಿಕೊಂಡು ಅವರನ್ನು ಹೊತ್ತೊಯ್ದೆವು. ತಂದೆಯ ಗದ್ದುಗೆಯ ಪಕ್ಕ ಗುಂಡಿ ತೋಡಿ, ಅದರ ಗೋಡೆಯಲ್ಲಿ ಅವರನ್ನು ಕೂಡ್ರಿಸಲು ಗೂಡು ಕೊರೆದು, ವಿಭೂತಿ ಪತ್ರಿ ಎಲ್ಲ ಇಟ್ಟಾಗಿತ್ತು. ಈ ಸಲ ಅಯ್ಯನವರ ತಕರಾರು ಇರಲಿಲ್ಲ.

ಆ ಚಪ್ಪಟೆ ಕಲ್ಲನ್ನು ಅಣ್ಣ ಬೇರೆಯವರಿಗೆ ಮುಟ್ಟಗೊಡಲಿಲ್ಲ. ಕೈಯಿಂದಲೇ ಮಣ್ಣು ಸರಿಸಿ ಗಂಟನ್ನು ಎತ್ತಿದರು. ಬಟ್ಟೆ ಎರೆಮಣ್ಣಿನ ಬಣ್ಣಕ್ಕೆ ತಿರುಗಿತ್ತು. ಬೇಸಿಗೆಯಲ್ಲಿ ಎರಡೂ ಕೈಯಿಂದ ಹೊತ್ತದ್ದು ಈಗ ಒಂದೇ ಕೈಯಲ್ಲಿ ಬಂತು. ಖೂನಿ ಕೇಸಿನ ಫೋಟೋಗಳನ್ನು ಊಟದ ಮೇಜಿನ ಮೇಲೆ ಹರಡಿಕೊಂಡು ನೋಡಿದವನು ನಾನು, ಅವತ್ತು ಮುಖ ತಿರುಗಿಸಿದೆ. ತಿರುಗಿ ನೋಡುವಷ್ಟರಲ್ಲಿ ಅಣ್ಣ ಗುಂಡಿಯೊಳಗೆ ಇಳಿದಿದ್ದರು. ಗೂಡಿನಲ್ಲಿ ತಮ್ಮನನ್ನು ಒರಗಿಸಿ ಕೂಡ್ರಿಸಿ, ಬಲ ಮೊಣಕಾಲಿಗೆ ಆ ಗಂಟಿನ ತುದಿ ತಾಗಿಸಿ, ಉಳಿದದ್ದನ್ನು ಎಡಗಾಲಿನ ಕೆಳಗೆ ಮಡಚಿ ಇಟ್ಟರು. ಬಟ್ಟೆ ಹೊದಿಸಿದ ಮೇಲೆ ನೋಡಿದರೆ ಪೂರಾ ಮನುಷ್ಯ ಕೂತ ಹಾಗಿತ್ತು. ಅಯ್ಯನವರು ಇನ್ನೇನು ಮಂತ್ರ ಸುರು ಮಾಡುವವರಿದ್ದರು.

ಹೆಂಗಸರು ಸ್ವಲ್ಪ ದೂರ ನಿಂತಿದ್ದರು. ಅವರೊಳಗಿಂದ ವೈನಿ ಮುಂದೆ ಬಂದರು. ಆ ಮನೆಯ ರಿವಾಜಿನಂತೆ, ಮದುವೆಯಾಗಿ ಬಂದಾಗಿನಿಂದ ಭಾವನ ಎದುರಿಗೆ ಸೆರಗು ಸರಿಸಿದವರಲ್ಲ, ಅವರ ಕಿವಿಗೆ ಬೀಳುವ ಹಾಗೆ ಒಂದು ಮಾತಾಡಿದವರಲ್ಲ. ಗುಂಡಿಯ ಅಂಚಿಗೆ ಕೂತು, ಬಗ್ಗಿ, ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಭಾವಾರ, ಬಲಗಾಲು ಮ್ಯಾಲ ಇಡ್ರಿ. ಅವರು ಹಂಗ ಕೂಡ್ತಿದ್ರು."

ಅಣ್ಣ ಬಟ್ಟೆ ಸರಿಸಿದರು. ಇಟ್ಟದ್ದನ್ನು ತೆಗೆದು ಮತ್ತೆ ಇಟ್ಟರು. ಹಿಂಗ ಬರೋಬರ್ ಆತೇನವ್ವಾ ಎಂದು ಮೇಲೆ ನೋಡಿ ಕೇಳಿದರು. ವೈನಿ ಇನ್ನಷ್ಟು ಹೊತ್ತು ನೋಡಿ ಹೂಂ ಎಂದರು. ಆಮೇಲೆ ಒಬ್ಬೊಬ್ಬರೇ ಮುಂದೆ ಬಂದು ಮಣ್ಣು ಕೊಟ್ಟೆವು.